ನೀಲಿ ಡ್ರಮ್ಮಿನ ಪಾನಿ

ನಾಚಾರಂ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಥಿನ್ನರಿಗೆ ‘ಪಾನಿ’ ಅನ್ನುತ್ತಿದ್ದರು. ಬಣ್ಣ ಕರಗಿಸುವ, ಗ್ರೀಸು ಬಿಡಿಸುವ, ಮೂಗಿಗೆ ಬಡಿದರೆ ತಲೆ ತಿರುಗಿಸುವ ದ್ರವಕ್ಕೆ ಪಾನಿ, ಅಂದರೆ ನೀರು! ಮೊದಲು ಹಾಗಂದವನು ಯಾರೋ ಗೊತ್ತಿಲ್ಲ. ಸಿಕ್ಕರೆ ಎದುರಿಗೆ ನಿಲ್ಲಿಸಿ ಕೇಳುವುದು ಬಹಳ ಇದೆ. ಆ ಒಂದು ಮಾತಿನಿಂದ ಗದಿಗೆಮ್ಮನ ಕೈ ಹಾಳಾಯಿತು. ಅದರಲ್ಲಿ ನನ್ನ ಪಾಲೂ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಭೀಮಾಶಂಕರ, ಚಿಂಚೋಳಿಯವನು. ಕನ್ನಡನಾಡಿನ ಗಡಿ ದಾಟಿ ಬಂದು ನಾಚಾರಂನಲ್ಲಿ ಔಷಧಿ ಅಂಗಡಿ ಇಟ್ಟು ಇಪ್ಪತ್ತು ವರ್ಷವಾಯಿತು. ಕನ್ನಡ ನಡೆಯುವ ಅಂಗಡಿ ಎಂದು ನಮ್ಮ ಕಡೆಯ ಕೂಲಿ ಹೆಂಗಸರು ಎರಡು ಗಲ್ಲಿ ದಾಟಿ ಇಲ್ಲಿಗೇ ಬರುತ್ತಾರೆ. ಗದಿಗೆಮ್ಮ ಹಾಗೆ ಬಂದವಳು. ಸುರಪುರದ ಕಡೆಯವಳು, ನಲವತ್ತು ದಾಟಿರಬೇಕು. ಅವಳು ಬಡಿದ ಜೋಳದ ರೊಟ್ಟಿ ಕಾಲೊನಿಯಲ್ಲೆಲ್ಲ ಹೆಸರುವಾಸಿ. “ಕಣ್ಣ ಮುಚ್ಚಿ ಬಡದ್ರೂ ಅಂಚ ಎಲ್ಲಿ ದಪ್ಪ ಐತಿ ಅಂತ ಕೈಗೆ ತಿಳೀತೈತ್ರಿ” ಎಂದು ಒಮ್ಮೆ ನನ್ನೆದುರು ಜಂಬ ಕೊಚ್ಚಿದ್ದಳು. ಜಂಬ ಕೊಚ್ಚುವ ಹಕ್ಕು ಅವಳಿಗಿತ್ತು.

ಶೆಡ್ಡಿನಲ್ಲಿ ಅವಳ ಕೆಲಸ ಪಂಪಿನ ಬಿಡಿಭಾಗಗಳನ್ನು ಬಣ್ಣಕ್ಕೆ ಮುಂಚೆ ತೊಳೆಯುವುದು. ನೀಲಿ ಡ್ರಮ್ಮಿನಿಂದ ತೊಟ್ಟಿಗೆ ‘ಪಾನಿ’ ಸುರಿಯುತ್ತಾರೆ, ಅವಳು ಬರಿಗೈ ಅದ್ದಿ ತಿಕ್ಕುತ್ತಾಳೆ. ದಿನಕ್ಕೆ ಎಂಟು ತಾಸು. ಸಂಜೆ ಮನೆಗೆ ಹೊರಟಾಗ ಪ್ರತಿಯೊಬ್ಬರ ಅಂಗೈಗೆ ಒಂದು ಚೂರು ಬೆಲ್ಲ ಬೀಳುತ್ತದೆ. ಬೆಲ್ಲ ತಿಂದರೆ ಮೈಗೆ ಹೊಕ್ಕ ಕೆಟ್ಟದ್ದೆಲ್ಲ ಇಳಿದುಹೋಗುತ್ತದಂತೆ! ಕೈಗವಸು ಕೊಡದ ಮಾಲೀಕನಿಗೆ ಬೆಲ್ಲ ಹಂಚುವ ಉದಾರ ಬುದ್ಧಿ ಮಾತ್ರ ಧಾರಾಳವಾಗಿತ್ತು.

ಮೊದಲು ಅವಳ ಅಂಗೈ ಬೆಳ್ಳಗಾಗಿ ಬಿರುಕುಬಿಟ್ಟಿತು. ದವಾಖಾನೆಗೆ ಹೋದಳು. ಅಲ್ಲಿನ ಡಾಕ್ಟರು ತಲೆ ಎತ್ತದೆ ಹಿಂದಿಯಲ್ಲಿ ಏನು ಕೆಲಸ ಎಂದು ಕೇಳಿದರು. ಶೆಡ್ಡಿನಲ್ಲಿ ಕಲಿತ ಮಾತನ್ನೇ ಇವಳು ಹೇಳಿದಳು: “ಪಾನಿ ಕಾ ಕಾಮ್, ಸಾಬ್.” ಡಾಕ್ಟರು ಚೀಟಿಯಲ್ಲಿ ನೀರಿನ ಕೆಲಸದಿಂದ ಕೈ ಒಡೆದಿದೆ ಎಂದು ಬರೆದು, ಒಂದು ಮುಲಾಮು ಕೊಟ್ಟು ಕಳಿಸಿದರು. ಆ ಮುಲಾಮು ಮಾರಿದವನು ನಾನು. ಒಂದಲ್ಲ, ಐದು ಟ್ಯೂಬು. ಪಾತ್ರೆ ತಿಕ್ಕುವವಳಿರಬೇಕು ಎಂದುಕೊಂಡೆ. ಐದು ಸಲವೂ ನಾನು ಒಂದು ಪ್ರಶ್ನೆ ಕೇಳಲಿಲ್ಲ, ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆರನೆಯ ಸಲ ಬಂದಾಗ ಬಲಗೈಯ ಎರಡು ಬೆರಳು ಸುಟ್ಟು ಬೊಬ್ಬೆ ಎದ್ದಿದ್ದವು. ರೊಟ್ಟಿ ತಿರುವುವಾಗ ಬೆರಳು ಹಂಚಿನ ಮೇಲೇ ಇತ್ತಂತೆ. ವಾಸನೆ ಬಂದ ಮೇಲೆ ನೋಡಿದಳಂತೆ.

“ಬಿಸಿ ಹತ್ತಲಿಲ್ಲೇನು?”

“ಇಲ್ರಿ ಅಣ್ಣಾ. ಭಾಳ ದಿನ ಆತು, ತುದೀಗೆ ಏನೂ ತಿಳಿವಲ್ದು.”

“ನೀರಿನ್ಯಾಗ ಕೆಲಸ ಮಾಡಿದ್ರ ಹಿಂಗ ಆಗಂಗಿಲ್ಲ. ಎಂಥಾ ನೀರದು?”

“ಅದ ರೀ, ನೀಲಿ ಡ್ರಮ್ಮಿಂದು. ಕೈ ತಂಪ ಆಗತೈತಿ, ಚಿಟಿಕಿ ಹೊಡಿಯೂದ್ರಾಗ ಆರಿ ಹೋಗತೈತಿ. ಎಂಥಾ ಗ್ರೀಸಿದ್ರೂ ಬಿಡತೈತಿ ನೋಡ್ರಿ.”

ಅದು ನೀರಲ್ಲ, ಥಿನ್ನರ್ ಎಂದು ನನಗೆ ಆಗ ಹೊಳೆಯಿತು. ನಮ್ಮ ಮೈಯ ಒಂದೊಂದು ಜೀವಕೋಶಕ್ಕೂ ಒಂದು ತೆಳ್ಳನೆಯ ಪೊರೆ ಇದೆ. ಒಳಗಿನದು ಒಳಗೆ, ಹೊರಗಿನದು ಹೊರಗೆ ಇರುವುದು ಅದರಿಂದ. ಆ ಪೊರೆ ಬಹುಪಾಲು ಜಿಡ್ಡಿನದೇ. ನರಗಳಿಗಂತೂ ಅದರ ಮೇಲೆ ಇನ್ನೊಂದು ಜಿಡ್ಡಿನ ಹೊದಿಕೆ. ಥಿನ್ನರಿಗೆ ಪಂಪಿನ ಜಿಡ್ಡು ಯಾವುದು, ಗದಿಗೆಮ್ಮನ ಜಿಡ್ಡು ಯಾವುದು ಎಂಬ ಭೇದವಿಲ್ಲ. ದೇಹ ತನ್ನ ಕಾವಲನ್ನು ತಾನು ಇಟ್ಟುಕೊಂಡಿರುತ್ತದೆ, ನಿಜ. ಶೇಂಗಾದಲ್ಲಿ, ಎಣ್ಣೆಯಲ್ಲಿ ಸಿಗುವ ವಿಟಮಿನ್ ಇ ಆ ಪೊರೆಯೊಳಗೇ ಕೂತು, ಹಳೆಯ ಉಪ್ಪಿನಕಾಯಿಯ ಎಣ್ಣೆಯಂತೆ ಜಿಡ್ಡು ಕಮಟು ಹಿಡಿಯದ ಹಾಗೆ ನೋಡಿಕೊಳ್ಳುತ್ತದೆ. ಆದರೆ ದಿನಕ್ಕೆ ಎಂಟು ತಾಸು ತೊಟ್ಟಿಯಲ್ಲಿ ಅದ್ದಿಟ್ಟರೆ ಯಾವ ಕಾವಲು ತಡೆದೀತು? ಇದಕ್ಕೆ ಬೇಕಾದದ್ದು ಥಿನ್ನರಿಗೆ ಕರಗದ ದಪ್ಪ ಕೈಗವಸು, ತೊಟ್ಟಿಗೊಂದು ಮುಚ್ಚಳ, ಆವಿ ಎಳೆದು ಹೊರಹಾಕುವ ಫ್ಯಾನು. ಬೆಲ್ಲದ ಚೂರಲ್ಲ.

ಇದನ್ನೆಲ್ಲ ನನಗೆ ತಿಳಿದಂತೆ ಹೇಳಿದೆ. ಅವಳು ಅಳಲಿಲ್ಲ. ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. “ಇವು ತಿರುಗಿ ಬರ್ತಾವೇನ್ರಿ?” ಎಂದಳು. ತೊಟ್ಟಿ ಬಿಟ್ಟರೆ ಸ್ವಲ್ಪ ಬರಬಹುದು, ಬಿಡದಿದ್ದರೆ ಉಳಿದ ಬೆರಳೂ ಹೋಗುತ್ತವೆ ಎಂದೆ.

ಮರುದಿನ ಅವಳು ಸೂಪರ್‌ವೈಸರ್ ಗುರುಶಾಂತನ ಮುಂದೆ ನಿಂತು ಬೇರೆ ಕೆಲಸ ಕೇಳಿದಳು, ತೊಟ್ಟಿಗೆ ಕೂರುವವರಿಗೆ ಕೈಗವಸು ಕೇಳಿದಳು. ಗುರುಶಾಂತ ಬೀದರದವನು, ನಮ್ಮವನೇ. ನಮ್ಮವನು ಅಂತ ಹೇಳಲು ನಾಲಿಗೆ ಏಳುವುದಿಲ್ಲ. ಅವಳ ಚೀಟಿಯನ್ನೇ ಇಸಿದುಕೊಂಡು ಅವಳ ಮುಖದೆದುರು ಅಲ್ಲಾಡಿಸಿದ. “ನೀರಿನ ಕೆಲಸ ಅಂತ ಡಾಕ್ಟರ್ ಬರದಾನ. ಹೇಳ್ದಾಕಿ ನೀನ. ಮನ್ಯಾಗ ಭಾಂಡೆ ತಿಕ್ಕಿ ಕೈ ಹಾಳ ಮಾಡ್ಕೊಂಡು ಇಲ್ಲಿ ಬಂದು ಅಳತೀಯೇನು?” ಎಂದ. ತಾವೇ ಕಲಿಸಿದ ಸುಳ್ಳು ಹೆಸರನ್ನು ಅವಳ ಬಾಯಿಂದ ಹೇಳಿಸಿ, ಅವಳ ಕುತ್ತಿಗೆಗೇ ಕಟ್ಟಿದರು. ಇಂಥದ್ದಕ್ಕೆ ಮೈ ಉರಿಯದಿದ್ದರೆ ಇನ್ಯಾವುದಕ್ಕೆ ಉರಿಯಬೇಕು?

“ಆತು, ನಿನ್ನ ಕಿರಿಕಿರಿ ಬ್ಯಾಡ. ನೀ ಪ್ಯಾಕಿಂಗಿಗೆ ಹೋಗು, ಪಾನಿ ಕೆಲಸ ರೇಣುಕಾ ಮಾಡ್ತಾಳ” ಎಂದು ಕೊನೆಗೆ ಹೇಳಿದ. ರೇಣುಕಾ ಎಂಟು ದಿನದ ಹಿಂದಷ್ಟೇ ಸೇರಿದವಳು. ಅವನು ಹೇಳಿದ್ದೇ ತಡ, ಹೋಗಿ ತೊಟ್ಟಿಗೆ ಕೈ ಹಾಕಿದಳು. ಮುಂದೆ ನಡೆದದ್ದನ್ನು ನನಗೆ ಹೇಳಿದವಳೂ ಅವಳೇ. ಬೇರೆ ಯಾರಾದರೂ ಆಗಿದ್ದರೆ ಸಿಕ್ಕಿದ್ದೇ ಸಾಕೆಂದು ಪ್ಯಾಕಿಂಗಿಗೆ ಹೋಗುತ್ತಿದ್ದರು. ಗದಿಗೆಮ್ಮ ಹೋಗಲಿಲ್ಲ.

ನಮ್ಮ ಕಡೆ ಬಿಸಿಲಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು ಬೆಲ್ಲ ಮತ್ತು ನೀರು. ಹಗೆಯಿದ್ದರೂ ಅದನ್ನು ಒಲ್ಲೆ ಅನ್ನುವುದಿಲ್ಲ, ಅಂದರೆ ಕೊಟ್ಟವರ ಮುಖಕ್ಕೆ ಹೊಡೆದಂತೆ. ಗದಿಗೆಮ್ಮ ಸೆರಗಿನ ತುದಿಯ ಗಂಟು ಬಿಚ್ಚಿ ಹಿಂದಿನ ಸಂಜೆಯ ಬೆಲ್ಲ ತೆಗೆದಳು. ತನ್ನ ಊಟದ ಡಬ್ಬಿಯ ಮೇಲಿದ್ದ ಸ್ಟೀಲಿನ ಲೋಟವನ್ನು ತೊಟ್ಟಿಯಲ್ಲಿ ಮುಳುಗಿಸಿ ತುಂಬಿದಳು. ಸೆರಗು ಹೊದ್ದು, ಅತಿಥಿಗೆ ಕೊಡುವ ಹಾಗೆ ಎರಡೂ ಕೈ ಮುಂದೆ ಚಾಚಿದಳು.

“ಬಿಸಲಾಗ ಬಂದೀರಿ, ನಮ್ಮ ನಾಡಿನವರು. ಬೆಲ್ಲ ತಗೋರಿ, ನೀರ ಕುಡೀರಿ.”

ಹನ್ನೊಂದು ಹೆಂಗಸರು ಕೆಲಸ ಬಿಟ್ಟು ನೋಡುತ್ತಿದ್ದರು. ಗುರುಶಾಂತ ಹಿಂದೆ ಸರಿದ. ಅವಳು ಒಂದು ಹೆಜ್ಜೆ ಮುಂದೆ ಬಂದಳು. ಲೋಟದ ಘಾಟು ಅವನ ಮುಖಕ್ಕೆ ಬಡಿಯಿತು.

“ಹುಚ್ಚ ಹಿಡದೈತೇನ ನಿನಗ?” ಎಂದು ಅವನು ಕಿರುಚಿದ. “ಥಿನ್ನರ್ ಐತಿ ಅದು! ಕುಡದ್ರ ಸಾಯ್ತಾರ!”

ರೇಣುಕಾ ಮೊಣಕೈತನಕ ಅದ್ದಿದ್ದ ತನ್ನ ಎರಡೂ ಕೈಗಳನ್ನು ತೊಟ್ಟಿಯಿಂದ ಮೇಲಕ್ಕೆತ್ತಿದಳು.