ಬಣ್ಣ ಎಂಥದ್ದೆಂದು ಕೇಳಿದ ಅಕ್ಕ

ಹೋದ ವಾರ ಗೋಣಿಕೊಪ್ಪಲಿನ ಸಂತೆಯಲ್ಲಿ ಬೀನ್ಸ್ ಆರಿಸುತ್ತಿದ್ದಾಗ ಪಕ್ಕದಿಂದ ಆ ವಾಸನೆ ಬಂತು. ನೆನೆಹಾಕಿದ ಕಣಿಲೆಯದು, ಕೆಲವರ ಬಾಯಲ್ಲಿ ಕಳಲೆ. ಎಳೆ ಬಿದಿರಿನ ಮೊಳಕೆಯನ್ನು ಹೆಚ್ಚಿ ಎರಡು ಮೂರು ದಿನ ನೀರಲ್ಲಿಟ್ಟರೆ ಒಂದು ಹುಳಿ ವಾಸನೆ ಏಳುತ್ತದೆ. ಬಕೆಟ್ಟಿನ ಹಿಂದೆ ಕೂತಿದ್ದ ಹೆಂಗಸು "ಹಾಕ್ಲಾ ಅಕ್ಕ?" ಎಂದಳು. ಹದಿಮೂರು ವರ್ಷದ ಹಿಂದೆ, ತಿತಿಮತಿ ಹತ್ತಿರದ ಕಾಫಿ ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ, ಪಕ್ಕದ ಮನೆಯ ಅಕ್ಕ ಇದೇ ಕಣಿಲೆಯ ಸಾರನ್ನು ಬಟ್ಟಲಲ್ಲಿ ತಂದುಕೊಟ್ಟಿದ್ದರು. ಅದನ್ನು ತಿಂದ ಮರುದಿನ ಬೆಳಿಗ್ಗೆ ನನಗೆ ರಕ್ತ ಕಾಣಿಸಿಕೊಂಡಿತ್ತು...

ನಾನು ಹುಟ್ಟಿದ್ದು ಕುಶಾಲನಗರದ ಹತ್ತಿರ. ಅಪ್ಪ ಹಾಸನದ ಕಡೆಯಿಂದ ಬಂದು ಹಾರಂಗಿ ನಾಲೆಯ ಪಕ್ಕದಲ್ಲಿ ಗದ್ದೆ ಮಾಡಿದವರು. ಮದುವೆಯಾದ ಮೇಲೆ ಎಸ್ಟೇಟಿಗೆ ಹೋದೆ; ನಮ್ಮನೆಯವರು ಅಲ್ಲಿ ಲೆಕ್ಕ ಬರೆಯುವ ರೈಟರ್. ಒಂದೇ ಹೆಂಚಿನ ಕೆಳಗೆ ಎರಡು ಮನೆ, ನಡುವಿನ ಗೋಡೆ ಮಾಡಿನ ತನಕ ಏರಿರಲಿಲ್ಲ. ಆಚೆ ಒಗ್ಗರಣೆ ಹಾಕಿದರೆ ಈಚೆ ನನಗೆ ಸೀನು ಬರುತ್ತಿತ್ತು. ಆ ಇನ್ನೊಂದು ಮನೆಯಲ್ಲಿ ಅಕ್ಕ ಒಬ್ಬರೇ ಇದ್ದರು. ನಲವತ್ತು ದಾಟಿರಬಹುದು. ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳನ್ನು ಹಗಲಿಡೀ ನೋಡಿಕೊಳ್ಳುವುದು ಅವರ ಕೆಲಸ. ಸ್ವಂತ ಮಕ್ಕಳಿರಲಿಲ್ಲ. ಗಂಡನ ವಿಷಯ ಯಾರೂ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಕೂಲಿಯವರ ಲೈನುಮನೆಯ ಹೆಂಗಸರು ಮಾತ್ರ ಒಂದು ಮಾತು ಹೇಳುತ್ತಿದ್ದರು: ಯಾರಿಗೆ ಮುಟ್ಟು ನಿಂತರೂ ಅವರಿಗೇ ಮೊದಲು ಗೊತ್ತಾಗ್ತದೆ ಅಂತ. ಹೊಗಳಿಕೆಯೋ ಹೆದರಿಕೆಯೋ ನನಗೆ ತಿಳಿಯಲಿಲ್ಲ.

ಅದರ ಹಿಂದಿನ ವರ್ಷ ನನಗೆ ಎರಡೂವರೆ ತಿಂಗಳಿಗೇ ಒಂದು ಹೋಗಿತ್ತು. ಆಸ್ಪತ್ರೆಯಲ್ಲಿ ಕ್ಲೀನ್ ಮಾಡಿ ಕಳಿಸಿದ್ದರು. ಹಾಗಾಗಿ ಎರಡನೆಯದು ನಿಂತಾಗ ಯಾರಿಗೂ ಹೇಳಬಾರದೆಂದು ನಾವಿಬ್ಬರೂ ಅಂದುಕೊಂಡೆವು. ಅತ್ತೆಗೆ ಮಾತ್ರ ಫೋನಿನಲ್ಲಿ ಹೇಳಿದ್ದು. ಒಂದು ಸಂಜೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಬೇಲಿಯ ಆಚೆಯಿಂದ ಅಕ್ಕ ಕೇಳಿದರು, "ಎಷ್ಟು ತಿಂಗಳಾಯ್ತು ತಂಗಿ?"

"ಎಂಥದ್ದೂ ಇಲ್ಲ" ಎಂದು ಒಳಗೆ ಬಂದೆ. ಇವರಿಗೆ ಹೇಗೆ ಗೊತ್ತಾಯಿತು? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ದಿನಾ ಬೆಳಿಗ್ಗೆ ನಾನು ವಾಂತಿ ಮಾಡುವುದು ಆ ಅರ್ಧ ಗೋಡೆಯ ಮೇಲಿಂದ ಅವರಿಗೆ ಕೇಳಿಸದೆ ಇರುತ್ತದೆಯೇ ಎಂದು ಆಗ ಹೊಳೆಯಲೇ ಇಲ್ಲ.

ಮರುವಾರ ಅವರು ಕಣಿಲೆ ಸಾರು ತಂದರು. ಏನು ತಿಂದರೂ ನಿಲ್ಲದ ದಿನಗಳವು. ಆ ಹುಳಿಗೆ ಬಾಯಿ ಸೋತಿತು. ಬೇಡಬೇಡ ಎನ್ನುತ್ತಲೇ ಬಟ್ಟಲು ಖಾಲಿ ಮಾಡಿದೆ. ಮರುದಿನ ಬಚ್ಚಲಲ್ಲಿ ನೋಡಿದರೆ ಒಳಬಟ್ಟೆಯಲ್ಲಿ ಬೊಟ್ಟಿನಷ್ಟು ಕಲೆ, ಒಣಗಿದ ಕಾಫಿ ಹಣ್ಣಿನ ಬಣ್ಣದ್ದು. ಎಷ್ಟು ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆನೋ...

ಫೋನಿನಲ್ಲಿ ಸುದ್ದಿ ಕೇಳಿ ಮಧ್ಯಾಹ್ನದ ಬಸ್ಸಿಗೆ ಅತ್ತೆ ಬಂದರು. ನನ್ನನ್ನು ಮಲಗಿಸಿ, ಕಾಲ ಕೆಳಗೆ ದಿಂಬಿಟ್ಟು, ತಿಂದದ್ದು ಕುಡಿದದ್ದು ಎಲ್ಲ ಕೇಳಿದರು. ತೊಳೆದು ಬೋರಲು ಹಾಕಿದ್ದ ಬಟ್ಟಲು ಕಣ್ಣಿಗೆ ಬಿತ್ತು.

"ಇದು ನಮ್ಮನೇದಲ್ವಲ್ಲ?"

ಹೇಳಿದೆ.

"ಅಷ್ಟು ಉಷ್ಣದ ಕಳಲೆ ತಿಂದ್ಯೇನೇ? ಅದೂ ಮಕ್ಕಳಿಲ್ಲದವಳ ಕೈಯಿಂದ ಇಸ್ಕೊಂಡು?" ಅತ್ತೆ ಕೂಗಾಡಲಿಲ್ಲ. ತಗ್ಗಿದ ದನಿಯಲ್ಲಿ, ಗೋಡೆಯ ಕಡೆ ನೋಡುತ್ತಾ ಹೇಳಿದರು. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

ಆಮೇಲಿನ ಮೂರು ದಿನ ನಾನು ಮಾಡಿದ ಕೆಲಸ ಎರಡೇ. ಒಂದು, ಬಚ್ಚಲಿಗೆ ಹೋಗಿ ನೋಡುವುದು. ಕಾಲು ಗಂಟೆಗೊಮ್ಮೆ ಹೋಗುತ್ತಿದ್ದೆ. ಇಲ್ಲವಾದರೆ ನೆಮ್ಮದಿ, ಆ ನೆಮ್ಮದಿ ಹಾಸಿಗೆಗೆ ಬರುವಷ್ಟರಲ್ಲಿ ಮುಗಿದಿರುತ್ತಿತ್ತು. ಇನ್ನೊಂದು, ಎಲ್ಲದರ ಮೇಲೂ ಅನುಮಾನ ಪಡುವುದು. ಸ್ಟೂಲು ಹತ್ತಿ ಅಟ್ಟದಿಂದ ಡಬ್ಬ ಇಳಿಸಿದ್ದು ಕಾರಣವೇ? ಗೋಣಿಕೊಪ್ಪಲಿಗೆ ಜೀಪಿನಲ್ಲಿ ಹೋದದ್ದೇ? ನಮ್ಮನೆಯವರು ಊಟಕ್ಕೆ ಕೂತು ಮಾತಾಡದಿದ್ದರೆ, ಮನಸ್ಸಿನಲ್ಲಿ ನನ್ನದೇ ತಪ್ಪು ಎನ್ನುತ್ತಿದ್ದಾರೇನೋ ಅನಿಸುತ್ತಿತ್ತು. ನನ್ನ ಹೊಟ್ಟೆಯ ಮೇಲೇ ನನಗೆ ನಂಬಿಕೆ ಇರಲಿಲ್ಲ. ಆದರೆ ಸುತ್ತಿ ಸುತ್ತಿ ಮನಸ್ಸು ಬಂದು ನಿಲ್ಲುತ್ತಿದ್ದದ್ದು ಆ ಗೋಡೆಯ ಹತ್ತಿರ. ಆಚೆ ಪಾತ್ರೆ ಸದ್ದಾದರೆ ಕಿವಿಗೊಡುತ್ತಿದ್ದೆ. ಸದ್ದಾಗದಿದ್ದರೆ, ಅವರೂ ಕಿವಿಗೊಟ್ಟು ಕೂತಿದ್ದಾರೆ ಅಂದುಕೊಳ್ಳುತ್ತಿದ್ದೆ.

ಎರಡನೆಯ ದಿನ ಕಿಟಕಿಯಿಂದ ನೋಡುತ್ತೇನೆ, ಅಕ್ಕ ನಮ್ಮ ಬಟ್ಟೆ ಹಗ್ಗದ ಹತ್ತಿರ ನಿಂತಿದ್ದಾರೆ. ಒಗೆದರೂ ಕಲೆ ಹೋಗದ ಎರಡು ಬಟ್ಟೆಗಳನ್ನು ಬಗ್ಗಿ ನೋಡುತ್ತಿದ್ದಾರೆ. ಅದೇ ಸಂಜೆ ಅತ್ತೆ ಸ್ನಾನಕ್ಕೆ ಹೋದ ಹೊತ್ತು ನೋಡಿ ಅಕ್ಕ ಬಾಗಿಲಿಗೆ ಬಂದರು.

"ಬಣ್ಣ ಎಂಥದ್ದು ತಂಗಿ? ಕಂದಾ, ಕೆಂಪಾ?"

ನಾನು ಹೊದಿಕೆ ಎಳೆದುಕೊಂಡೆ.

"ದಿನಕ್ಕೆ ಎಷ್ಟು ಬಟ್ಟೆ ಬದಲಾಯಿಸ್ತಿ? ಒಂದೇ ಬದಿ ನೋವುಂಟಾ? ಹೆಗಲ ಹತ್ರ ಎಂಥಾದ್ರೂ ಎಳೆದ ಹಾಗೆ ಆಗ್ತದಾ?"

ಬಣ್ಣ ಯಾಕೆ ಬೇಕು ಇವರಿಗೆ? ಲೆಕ್ಕ ಯಾಕೆ ಬೇಕು? ಮಾಡಿದ ಕೆಲಸ ಮುಗಿಯಿತೋ ಇಲ್ಲವೋ ಎಂದು ನೋಡಲು ಬಂದ ಹಾಗಿತ್ತು ಆ ಕೇಳುವ ರೀತಿ. ನಾನು ಗೋಡೆ ಕಡೆ ತಿರುಗಿ ಮಲಗಿದೆ. ಅವರು ಹೊರಟುಹೋದರು. ನಿಜ ಹೇಳಬೇಕೆಂದರೆ, ಅವತ್ತು ಎಡಗಡೆ ಸಣ್ಣಗೆ ನೋವಿತ್ತು. ಅದನ್ನು ನಾನು ಅತ್ತೆಗೂ ಹೇಳಿರಲಿಲ್ಲ. ಹೇಳಿದರೆ ಆಸ್ಪತ್ರೆ ಎನ್ನುತ್ತಾರೆ, ಆಸ್ಪತ್ರೆಯೆಂದರೆ ಮತ್ತೆ ಆ ಟೇಬಲ್ಲು, ಆ ದೀಪ... ಅತ್ತೆಯದೂ ಅದೇ ಮಾತು. "ಹೋದ್ರೆ ತೊಳೆದು ಕಳಿಸ್ತಾರೆ ಅಷ್ಟೇ. ಅಲ್ಲಾಡದೆ ಮಲಗಿರು, ನಿಲ್ಲುತ್ತೆ."

ಮೂರನೆಯ ದಿನ ಹನ್ನೊಂದು ಗಂಟೆಗೆ ಎಸ್ಟೇಟಿನ ಜೀಪು ಅಂಗಳಕ್ಕೆ ಬಂತು. ಡ್ರೈವರ್ ಪಕ್ಕದಲ್ಲಿ ನಮ್ಮನೆಯವರು, ಮುಖ ಕಪ್ಪಿಟ್ಟಿತ್ತು. ಹಿಂದೆ ಅಕ್ಕ. ಅವರು ನೇರ ಆಫೀಸಿಗೇ ಹೋಗಿ, ಮ್ಯಾನೇಜರ್ ಎದುರಿಗೇ ನಮ್ಮನೆಯವರಿಗೆ, ನಿಮ್ಮ ಹೆಂಡತಿಗೆ ಮೂರು ದಿನದಿಂದ ರಕ್ತ ಹೋಗ್ತಾ ಉಂಟು, ಜೀಪು ಕೊಡಿಸಿ ಅಂದಿದ್ದರಂತೆ. ಯಾರಿಗೂ ಗೊತ್ತಾಗಬಾರದೆಂದು ನಾವು ಮುಚ್ಚಿಟ್ಟ ಮಾತು ಒಂದೇ ಸಲಕ್ಕೆ ಎಸ್ಟೇಟಿಗೆಲ್ಲ ಗೊತ್ತಾಯಿತು. ನನಗೆ ತಡೆಯಲಾಗಲಿಲ್ಲ.

"ನೀವು ಕೊಟ್ಟದ್ದು ತಿಂದ ಮೇಲೇ ಹೀಗಾದದ್ದು" ಎಂದೆ. "ಇನ್ನೂ ಎಂಥ ಬಾಕಿ ಉಂಟು ನಿಮಗೆ ನೋಡ್ಲಿಕ್ಕೆ? ಇನ್ನು ನಮ್ಮ ಮನೆ ಕಡೆ ಬರಬೇಡಿ."

ಡ್ರೈವರ್ ಇನ್ನೆಲ್ಲೋ ನೋಡಿದ. ಅಕ್ಕ ಜೀಪಿನ ಬಾಗಿಲು ತೆರೆದು ಹಿಡಿದರು.

"ಆಮೇಲೆ ಬೈಯಿ" ಎಂದರು. "ಎಷ್ಟು ಬೇಕಾದ್ರೂ ಬೈಯಿ. ಈಗ ಜೀಪು ಹತ್ತು."

ಅವರು ಹತ್ತಲು ಬಂದಾಗ ಅತ್ತೆ ಕೈ ಅಡ್ಡ ಹಿಡಿದರು. ಅಕ್ಕ ಒತ್ತಾಯ ಮಾಡಲಿಲ್ಲ. ನೀರಿನ ದೊಡ್ಡ ಬಾಟಲಿಯೊಂದನ್ನು ನನ್ನ ಪಕ್ಕ ಇಟ್ಟು, "ದಾರಿಯಲ್ಲಿ ಪೂರ್ತಿ ಕುಡಿ, ಮೂತ್ರಕ್ಕೆ ಹೋಗಬೇಡ, ಸ್ಕ್ಯಾನಿಗೆ ಬೇಕು" ಎಂದರು. ಜೀಪು ಗೇಟು ದಾಟಿದ ಮೇಲೆ ಅತ್ತೆ ಆ ಬಾಟಲಿಯನ್ನು ತೆಗೆದು ಆ ನೀರನ್ನೆಲ್ಲ ರಸ್ತೆಗೆ ಚೆಲ್ಲಿದರು. ನಾನು ತಡೆಯಲಿಲ್ಲ. ಆ ನೀರಿನಲ್ಲಿ ಏನಿದೆಯೋ ಎಂದು ನನಗೂ ಅನಿಸಿತ್ತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವ ಹುಡುಗಿ ಹೊಟ್ಟೆಯ ಮೇಲೆ ಒತ್ತಿ ನೋಡಿ, ಮೂತ್ರಕೋಶ ತುಂಬಿಲ್ಲ, ಏನೂ ಕಾಣಿಸ್ತಿಲ್ಲ, ನೀರು ಕುಡಿದು ಹೊರಗೆ ಕೂತಿರಿ ಎಂದಳು. ಆ ಒಂದು ಗಂಟೆ ಬೆಂಚಿನ ಮೇಲೆ ಹೇಗೆ ಕಳೆಯಿತೋ ನಾನು ಬರೆಯಲಾರೆ. ನಮ್ಮನೆಯವರು ಅಂಗಡಿಯಿಂದ ನೀರು ತಂದು ತಂದು ಕೊಟ್ಟರು. ನಾನು ಕುಡಿಯುತ್ತಾ ಗಡಿಯಾರ ನೋಡುತ್ತಾ ಕೂತಿದ್ದೆ.

ಕಾಯುತ್ತಿದ್ದಾಗಲೇ ಡಾಕ್ಟರಮ್ಮ ಒಳಗೆ ಕರೆದರು. ಪೆನ್ನು ಹಿಡಿದು ಕೇಳಿದರು. ಬಣ್ಣ ಹೇಗಿದೆ? ದಿನಕ್ಕೆ ಎಷ್ಟು ಪ್ಯಾಡ್? ಒಂದು ಪಕ್ಕ ನೋವಿದೆಯಾ? ತಲೆಸುತ್ತು? ಹೆಗಲಲ್ಲಿ ನೋವು? ಹೆಚ್ಚುಕಡಿಮೆ ಅಕ್ಕ ಕೇಳಿದ ಪ್ರಶ್ನೆಗಳೇ. ಎಡಗಡೆ ನೋವಿದೆ ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಮೂರು ದಿನ ಮನೆಯಲ್ಲಿ ಇಟ್ಕೊಂಡ್ರಾ? ಮಗು ಗರ್ಭಕೋಶ ಬಿಟ್ಟು ನಾಳದಲ್ಲಿ ನಿಂತಿದ್ರೆ ತಾಯಿಯ ಜೀವಕ್ಕೇ ಅಪಾಯ, ಗೊತ್ತಾ?" ಅತ್ತೆ ಸೆರಗು ಬಾಯಿಗಿಟ್ಟುಕೊಂಡರು.

ಎರಡನೆಯ ಸಲ ಸ್ಕ್ಯಾನಿನಲ್ಲಿ ಎಲ್ಲ ಕಾಣಿಸಿತು. ಇರಬೇಕಾದ ಜಾಗದಲ್ಲೇ ಇತ್ತು. ಎದೆ ಬಡಿತವೂ ಇತ್ತು. ಹುಡುಗಿ ಪರದೆ ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದಳು. ನಾನು ಅದನ್ನೂ ತಕ್ಷಣ ನಂಬಲಿಲ್ಲ, ಇನ್ನೊಂದು ಸಲ ತೋರಿಸಿ ಎಂದೆ. ಆಮೇಲೆ ಡಾಕ್ಟರಮ್ಮನಿಗೆ ಮೆಲ್ಲಗೆ ಕೇಳಿದೆ, "ಕಣಿಲೆ ತಿಂದಿದ್ದೆ ಮೇಡಂ, ಸ್ಟೂಲೂ ಹತ್ತಿದ್ದೆ..." ಅವರು ನಕ್ಕರು. "ಬೇಯಿಸಿದ ಒಂದು ಬಟ್ಟಲು ಕಣಿಲೆಯಿಂದ ಇದೆಲ್ಲ ಆಗಲ್ಲಮ್ಮ. ಸ್ಟೂಲು ಹತ್ತಿದ್ರಿಂದಲೂ ಅಲ್ಲ. ಮೊದಮೊದಲು ಎಷ್ಟೋ ಜನರಿಗೆ ಹೀಗೆ ಸ್ವಲ್ಪ ಕಾಣಿಸುತ್ತೆ, ಮಗು ಚೆನ್ನಾಗೇ ಇರುತ್ತೆ. ಆದ್ರೆ ಕಾಣಿಸಿದ ದಿನವೇ ಬರಬೇಕು."

ಅಲ್ಲಿಂದ ನೇರ ತವರಿಗೆ ಕರೆದುಕೊಂಡು ಹೋದರು. ಕಲೆ ಇನ್ನೂ ಒಂದು ವಾರ ಬಂದು ನಿಂತಿತು. ಹೆರಿಗೆ ಅಲ್ಲೇ ಆಯಿತು, ಹೆಣ್ಣು ಮಗು. ಆ ತಿಂಗಳುಗಳಲ್ಲಿ ಅಕ್ಕನಿಗೆ ಒಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ. ನಾಚಿಕೆಯಿತ್ತು, ಹೌದು. ಆದರೆ ಅನುಮಾನವೂ ಪೂರ್ತಿ ಹೋಗಿರಲಿಲ್ಲ. ಅವರಿಗೆ ಡಾಕ್ಟರ ಪ್ರಶ್ನೆಗಳು ಹೇಗೆ ಗೊತ್ತು ಎನ್ನುವುದೇ ಒಂದು ಹೊಸ ಅನುಮಾನವಾಗಿ ಉಳಿದಿತ್ತು.

ಮಗುವಿಗೆ ಐದು ತಿಂಗಳಾದಾಗ ಕ್ವಾರ್ಟರ್ಸಿಗೆ ಮರಳಿದೆ. ಪಕ್ಕದ ಮನೆಯಲ್ಲಿ ಬೇರೆ ಸಂಸಾರವಿತ್ತು. ಅಕ್ಕ ಕೆಲಸ ಬಿಟ್ಟು ನಾಪೋಕ್ಲು ಕಡೆ ಅಣ್ಣನ ಮನೆಗೆ ಹೋಗಿದ್ದರು. ಆ ದಿನ ನಮ್ಮನೆಯವರು ತಾವು ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದ ಮಾತು ಹೇಳಿದರು. ಆಫೀಸಿಗೆ ಬಂದ ಅಕ್ಕ ಅವರಿಗೆ ಹೇಳಿದ್ದರಂತೆ: ನನ್ನ ತಂಗಿಗೂ ಹೀಗೇ ಶುರುವಾದದ್ದು, ಸ್ವಲ್ಪವೇ ಅಲ್ವಾ ಅಂತ ನಾಲ್ಕು ದಿನ ಮನೆಯಲ್ಲೇ ಇಟ್ಟುಕೊಂಡೆವು, ಐದನೇ ದಿನ ಆಸ್ಪತ್ರೆಗೆ ಮುಟ್ಟಿಸಿ, ಡಾಕ್ಟರು ಬಣ್ಣ ಎಂಥದ್ದು, ನೋವು ಎಲ್ಲಿ ಅಂತ ಕೇಳಿ ಮುಗಿಸುವಷ್ಟರಲ್ಲಿ ಅವಳಿರಲಿಲ್ಲ.

"ನನಗೆ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

"ಬಸುರಿಗೆ ಹೇಳೋ ಮಾತಾ ಅದು? ಅವರೇ ಬೇಡ ಅಂದ್ರು. ಹೇಳಿದ್ರೆ ಇನ್ನೂ ಹೆದರ್ತಾಳೆ ಅಂತ."

ನಾಪೋಕ್ಲಿಗೆ ಹೋಗಬೇಕು, ಹೋಗಬೇಕು ಎನ್ನುತ್ತಲೇ ವರ್ಷಗಳು ಹೋದವು. ಹೋದದ್ದು ಎರಡು ವರ್ಷದ ಹಿಂದೆ. ಅಣ್ಣನ ಹೆಂಡತಿ ಜಗಲಿಯಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀವು ಯಾರು, ಯಾಕೆ ಕೇಳ್ತೀರಿ ಎಂದರು. ಅಕ್ಕ ತೀರಿಕೊಂಡು ಎಂಟು ತಿಂಗಳಾಗಿತ್ತು. ಜ್ವರವೆಂದು ಮಲಗಿದವರು ಏಳಲಿಲ್ಲವಂತೆ. ಎಸ್ಟೇಟಿನ ವಿಷಯ ಅವರು ಯಾವತ್ತೂ ಹೇಳಿರಲಿಲ್ಲ. ನನ್ನ ವಿಷಯವೂ. ತಂದಿದ್ದ ಸೀರೆಯನ್ನು ಕೊಡುವುದೋ ಬೇಡವೋ ತಿಳಿಯದೆ ಹಾಗೇ ಬಸ್ಸು ಹತ್ತಿದೆ.

ಇದನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಅತ್ತೆ ಈಗ ನಮ್ಮ ಜೊತೆಯಲ್ಲೇ ಇದ್ದಾರೆ. ಹೋದ ವಾರ ಆ ಸಂತೆಯಿಂದ ಬಂದು ಚೀಲ ಇಳಿಸುತ್ತಿದ್ದಾಗ, ಮೊಮ್ಮಗಳ ತಲೆ ಬಾಚುತ್ತಾ ಎಂದಿನಂತೆ ಹೇಳುತ್ತಿದ್ದರು, "ನನ್ನ ಹರಕೆಗೆ ಉಳಿದ ಕೂಸು ನೀನು."

"ಅಲ್ಲ ಅತ್ತೆ" ಎಂದೆ. ಹದಿಮೂರು ವರ್ಷದಲ್ಲಿ ಮೊದಲ ಸಲ. "ಆ ಅಕ್ಕ ಆಫೀಸಿಗೆ ಹೋಗಿ ಜೀಪು ತಂದ್ರು. ನಾವು ಅವರನ್ನ ಹತ್ತಿಸಿಕೊಳ್ಳಲಿಲ್ಲ."

ಬಾಚಣಿಗೆ ನಿಂತಿತು. ಅತ್ತೆ ನನ್ನ ಮುಖ ನೋಡದೆ ಕೇಳಿದರು, "ಈಗ ಎಲ್ಲಿದ್ದಾಳಂತೆ ಅವಳು?"

"ಇಲ್ಲ" ಎಂದೆ.