ಜಲಜಾಕ್ಷಿ ಹೊಲಿದ ಪರದೆ

ಕಲ್ಯಾಣದಲ್ಲಿ ನಾಲೆಯ ಪಕ್ಕದ ಒಂದು ಚಾಳಿನ ನೆಲಮಹಡಿಯಲ್ಲಿ ಜಲಜಾಕ್ಷಿಯ ಮನೆ. ಕಾರ್ಕಳದ ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ಕುಶಲ ಠಾಣೆ ನಗರದ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ. ಅತ್ತೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು. ಅವರನ್ನು ಬಿಟ್ಟು ಹೊರಗೆ ದುಡಿಯಲು ಹೋಗುವಂತಿರಲಿಲ್ಲವಾದ್ದರಿಂದ ಜಲಜಾಕ್ಷಿ ಮನೆಯಲ್ಲೇ ಹೊಲಿಯುತ್ತಿದ್ದಳು.

ಅವಳ ಕೈಗೆ ಬರುತ್ತಿದ್ದದ್ದು ಹೆಚ್ಚಾಗಿ ವೆಲೋರ್ ಬಟ್ಟೆ. ಸೋಫಾದ ಕವರು, ಕಾರಿನ ಸೀಟು, ಕೂಸುಗಳ ಬೆಚ್ಚನೆಯ ಅಂಗಿ. ನೋಡಲು ಮಖಮಲ್ಲಿನ ಹಾಗೆಯೇ. ಒಂದು ಕಡೆಗೆ ಸವರಿದರೆ ಬಣ್ಣ ತಿಳಿಯಾಗುತ್ತದೆ, ಎದುರು ಸವರಿದರೆ ಕಪ್ಪಿಡುತ್ತದೆ. ಒಂದು ತುಂಡು ತಲೆಕೆಳಗಾದರೂ ತೇಪೆ ಹಾಕಿದಂತೆ ಕಾಣುತ್ತದೆ. ಕತ್ತರಿಸುವಾಗ ಉದುರುವ ನವಿರಿನ ಎಳೆಗಳು ಅನ್ನದ ತಟ್ಟೆಯವರೆಗೂ ಬರುತ್ತಿದ್ದವು. ಅತ್ತೆ ಗೊಣಗುತ್ತಿದ್ದರು, ಆದರೂ ಬೆಚ್ಚಗಿದೆಯೆಂದು ಉಳಿದ ಚೂರುಗಳನ್ನು ಕಾಲಿನ ಮೇಲೆ ಹೊದಿಸಿಕೊಳ್ಳುತ್ತಿದ್ದರು.

೨೦೦೫ರ ಬೇಸಿಗೆಯಲ್ಲಿ ಡೊಂಬಿವಲಿಯ ಕನ್ನಡ ಸಂಘದ ಕಾರ್ಯದರ್ಶಿ ಅನಂತರಾಮ ಅವಳನ್ನು ಹುಡುಕಿಕೊಂಡು ಬಂದರು. ಸಂಘದ ರಂಗಮಂಚಕ್ಕೆ ದೊಡ್ಡ ಪರದೆ ಬೇಕಾಗಿತ್ತು. ಸದಸ್ಯರೆಲ್ಲ ಸೇರಿ ಕೆಂಗಂದು ವೆಲೋರ್ ತರಿಸಿದ್ದರು.

"ನಿಮ್ಮ ಕೈಲಾಗುತ್ತಾ ಅಮ್ಮ? ಭಾರಿ ಅಗಲ ಇದೆ," ಎಂದರು.

"ಆಗ್ತದೆ ಸರ್. ಜಾಗ ಸ್ವಲ್ಪ ಕಷ್ಟ, ಅಷ್ಟೇ."

ಮಂಚವನ್ನು ಗೋಡೆಗೆ ಒತ್ತರಿಸಿ, ಬಟ್ಟೆಯನ್ನು ಬಾಗಿಲಾಚೆಯ ಪಡಸಾಲೆಯವರೆಗೂ ಹಾಸಿ ಹೊಲಿದಳು. ಪಕ್ಕದ ಮನೆಯ ಚಂದ್ರಬಾಯಿ ಚೌಕಟ್ಟಿಗೆ ಒರಗಿ ನಿಂತು, "ಯವ್ವಾ, ರಾಣಿ ಸೀರಿ ಹಂಗ ಐತಿ ನೋಡು," ಎನ್ನುತ್ತಿದ್ದಳು. ಜಲಜಾಕ್ಷಿ ನಕ್ಕು ಹೊಲಿಗೆ ಮುಂದುವರಿಸುತ್ತಿದ್ದಳು. ಪರದೆ ಮೇಲೇಳುವಾಗ ಮುಂದಿನ ಸಾಲಿನಲ್ಲಿ ಕೂತು ನೋಡಬೇಕೆಂಬ ಆಸೆಯನ್ನು ಕುಶಲನಿಗೆ ಮಾತ್ರ ಹೇಳಿದ್ದಳು.

ಹೊಲಿಗೆ ಮುಗಿದು, ಸಂಘದವರು ಒಯ್ಯಲು ಬರುವುದಷ್ಟೇ ಬಾಕಿಯಿತ್ತು. ಜುಲೈ ಕೊನೆಯ ಆ ಮಂಗಳವಾರ ಮಳೆ ಹಿಡಿಯಿತು. ಲೋಕಲ್ ರೈಲುಗಳು ನಿಂತವು. ಕುಶಲ ಠಾಣೆಯಲ್ಲೇ ಉಳಿದ. ಮಧ್ಯಾಹ್ನ ನಾಲೆ ಉಕ್ಕಿ ನೀರು ಹೊಸ್ತಿಲು ದಾಟಿತು. ಮಡಿಸಿದರೆ ಗೆರೆ ಬೀಳುತ್ತದೆಂದು ಸುತ್ತಿಟ್ಟಿದ್ದ ಪರದೆಯನ್ನು ಜಲಜಾಕ್ಷಿ ಹೇಗೋ ಮೇಜಿನ ಮೇಲೆ ಉರುಳಿಸಿದಳು. ಅಷ್ಟರಲ್ಲಿ ನೀರು ಅತ್ತೆಯ ಹಾಸಿಗೆಯನ್ನು ಮುಟ್ಟಿತು.

"ಮೊದಲ ಮುದುಕಿನ್ನ ಎತ್ತು!" ಎಂದು ಚಂದ್ರಬಾಯಿ ಕೂಗುತ್ತ ಬಂದಳು.

ಇಬ್ಬರೂ ಅತ್ತೆಯನ್ನು ಕಂಬಳಿಯಲ್ಲಿ ಹಿಡಿದು ಮೇಲಿನ ಮಹಡಿಗೆ ಸಾಗಿಸಿದರು. ಮೆಟ್ಟಿಲು ಇಕ್ಕಟ್ಟು, ಅತ್ತೆ ಹೆದರಿ ಅಳುತ್ತಿದ್ದರು. ಮರಳಿ ಬಂದಾಗ ನೀರು ಸೊಂಟದ ಮಟ್ಟಕ್ಕಿತ್ತು. ಮೇಜು ಮಗುಚಿ ಪರದೆ ಮುಳುಗಿತ್ತು. ಜಲಜಾಕ್ಷಿ ಒಂದು ತುದಿ ಹಿಡಿದು ಎಳೆದಳು. ಚಂದ್ರಬಾಯಿಯೂ ಕೈ ಹಾಕಿದಳು. ನೀರು ಕುಡಿದ ವೆಲೋರ್ ಅಲ್ಲಾಡಲಿಲ್ಲ.

"ಇನ್ನೊಂದು ಸಲ ಎಳೆಯುವ ಅಕ್ಕ, ಬರ್ತದೆ."

"ಬರಂಗಿಲ್ಲ. ನೀರು ಏರಾಕತ್ತೈತಿ. ಬಿಡು!"

ಅವಳು ಬಿಡಲಿಲ್ಲ. ಚಂದ್ರಬಾಯಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹೊರಗೆಳೆದಳು.

ನೀರಿಳಿದ ಮೇಲೆ ಚಾಳಿನವರೆಲ್ಲ ಸೇರಿ ಪರದೆಯನ್ನು ತಾರಸಿಗೆ ಹೊತ್ತು ಹರವಿದರು. ಅಲ್ಲಿ ಬಿಸಿಲೇ ಇರಲಿಲ್ಲ. ನವಿರೆಲ್ಲ ಕೆಸರಿನಲ್ಲಿ ಅಂಟಿ, ಬಣ್ಣ ಪಟ್ಟೆಪಟ್ಟೆಯಾಗಿ ಬಿಟ್ಟಿತ್ತು. ಕುಶಲ ಮನೆ ಮುಟ್ಟಿದಾಗ ಅವಳು ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ತಿಕ್ಕುತ್ತಿದ್ದಳು. ಅವನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತ.

ಅನಂತರಾಮ ಬಂದು ನೋಡಿದರು. "ಬಿಡಿ ಅಮ್ಮ, ಯಾರ ತಪ್ಪೂ ಅಲ್ಲ. ಅತ್ತೆ ಉಳಿದರಲ್ಲ."

ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವಳು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಸಂಘದವರು ಆ ವರ್ಷ ಬಾಡಿಗೆಯ ಪರದೆ ಕಟ್ಟಿ ನಾಟಕವಾಡಿದರು. ಕರೆದರೂ ಅವಳು ಹೋಗಲಿಲ್ಲ.

ಅತ್ತೆ ತೀರಿದ ಮೇಲೆ ಜಲಜಾಕ್ಷಿ ತುರ್ಭೆಯಲ್ಲಿ ಕಾರಿನ ಸೀಟು ಹೊಲಿಯುವ ಕಾರ್ಖಾನೆಗೆ ಸೇರಿದಳು. ಅಲ್ಲೂ ವೆಲೋರೇ, ಆದರೆ ಚಿಕ್ಕ ಚಿಕ್ಕ ತುಂಡುಗಳು. ೨೦೧೧ರಲ್ಲಿ ಸಂಘ ಮತ್ತೆ ಬಟ್ಟೆ ತರಿಸಿತು. ಅನಂತರಾಮ ಕುಶಲನಿಗೆ ಫೋನು ಮಾಡಿ, ಅವಳೇ ಹೊಲಿಯಬೇಕೆಂದರು. ಕುಶಲ ಫೋನನ್ನು ಅಂಗೈಯಿಂದ ಮುಚ್ಚಿ ಅವಳ ಮುಖ ನೋಡಿದ.

"ಎಂತ ಹೇಳುದು?"

"ಕಣ್ಣು ಸರಿ ಕಾಣುದಿಲ್ಲಾಂತ ಹೇಳಿ."

ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಕುಶಲನಿಗೂ ಅದು ಗೊತ್ತಿತ್ತು. ಅವನು ಅವಳು ಅಂದಂತೆಯೇ ಹೇಳಿ ಫೋನಿಟ್ಟ.