ಯಡಿಯೂರಿನ ತಿಪ್ಪೆಯ ಬಳಿ ಕೇಳಿದ ಅಳು

1959ನೇ ಇಸವಿ, ಏಪ್ರಿಲ್ 21, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಗಡಿಯಾರ ನೋಡಿ ಆಗಲೇ ಬರೆದುಕೊಂಡದ್ದರಿಂದ ಇಷ್ಟು ಖಚಿತವಾಗಿ ಹೇಳಬಲ್ಲೆ. ದಿನಚರಿ ಬರೆಯುವುದು ನನಗೆ ಚಿಕ್ಕಂದಿನಿಂದ ಅಂಟಿದ ಚಟ. ಎಷ್ಟು ಮನೆ ನೋಡಿದೆ, ಎಷ್ಟು ದೂರ ನಡೆದೆ, ಬಸ್ಸು ಎಷ್ಟು ತಡವಾಯಿತು, ಎಲ್ಲಕ್ಕೂ ಒಂದೊಂದು ಅಂಕಣ. ಇಂಥವಳಿಗೆ ದೆವ್ವ, ಶಕುನಗಳಲ್ಲಿ ನಂಬಿಕೆ ಇರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಹಾಸ್ಟೆಲಿನಲ್ಲಿ ಗೆಳತಿಯರು ಅಂಥ ಕಥೆ ತೆಗೆದರೆ, "ಎಷ್ಟು ಗಂಟೆಗೆ? ದೀಪ ಇತ್ತಾ? ಇನ್ಯಾರು ನೋಡಿದ್ರು?" ಎಂದು ಕೇಳಿ ಕಥೆಯ ಜೀವ ತೆಗೆಯುತ್ತಿದ್ದೆ. ಈಗ ಏಳು ವರ್ಷದಿಂದ ಅದೇ ಪ್ರಶ್ನೆಗಳನ್ನು ನನಗೆ ನಾನೇ ಕೇಳಿಕೊಳ್ಳುತ್ತಿದ್ದೇನೆ.

ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದೆ. ಮಕ್ಕಳ ಆರೋಗ್ಯದ ಒಂದು ಸಮೀಕ್ಷೆಯಲ್ಲಿ ಮನೆಮನೆಗೆ ಹೋಗಿ ಬರೆದುಕೊಂಡು ಬರುವ ಕೆಲಸ ಸಿಕ್ಕಿತ್ತು. ಅದನ್ನು ನಡೆಸುತ್ತಿದ್ದವರು ಒಬ್ಬ ಹಿರಿಯ ಡಾಕ್ಟರಮ್ಮ. ನಾನು ಇದುವರೆಗೆ ಕಂಡವರಲ್ಲಿ ಅಷ್ಟು ನಡೆಯುವ ಹೆಂಗಸು ಇನ್ನೊಬ್ಬರಿಲ್ಲ. ಸಣ್ಣ ಕಾರೊಂದಿದ್ದರೂ ಅದನ್ನು ಮರದಡಿ ನಿಲ್ಲಿಸಿ, ಸೆರಗು ಸಿಕ್ಕಿಸಿಕೊಂಡು ಬಿಸಿಲಿನಲ್ಲಿ ಹೊರಟುಬಿಡುತ್ತಿದ್ದರು. ಜಯನಗರದ ಬಡಾವಣೆ ಆಗ ಬೆಳೆಯುತ್ತಿತ್ತು. ಅಲ್ಲಿ ನಲ್ಲಿ ನೀರು, ಚರಂಡಿ, ಮನೆಗೊಂದು ಕಾಂಪೌಂಡು. ರಸ್ತೆ ದಾಟಿದರೆ ಯಡಿಯೂರು; ಹಳೆಯ ಹಳ್ಳಿ, ನಾವು ಹೋಗುತ್ತಿದ್ದ ಕೇರಿಗೆಲ್ಲ ಒಂದೇ ಬಾವಿ.

"ಒಂದೇ ಬಿಸಿಲು, ಒಂದೇ ಗಾಳಿ. ಆ ಕಡೆ ಹುಟ್ಟಿದ ಮಗು ಬದುಕುತ್ತೆ, ಈ ಕಡೆದು ಯಾಕೆ ಸಾಯುತ್ತೆ? ಹಣೆಬರಹ ಅಂದ್ಬಿಟ್ಟು ನಾನು ಸಂಬಳ ತಗೊಳ್ಳೋಕಾಗಲ್ಲಮ್ಮ" ಎನ್ನುತ್ತಿದ್ದರು.

ತೊಂದರೆಯೆಂದರೆ, ನಾವು ಬರೆದು ತಂದದ್ದರಲ್ಲಿ ಸಾವುಗಳೇ ಇರುತ್ತಿರಲಿಲ್ಲ. ಎಳೆಯ ಮಕ್ಕಳೂ ಕಡಿಮೆ. ಕಾಗದದ ಮೇಲೆ ಯಡಿಯೂರಿನ ಆ ಕೇರಿ ಬಡಾವಣೆಗಿಂತ ಆರೋಗ್ಯವಾಗಿತ್ತು. "ಈ ಲೆಕ್ಕ ಹಿಡ್ಕೊಂಡು ಹೋಗಿ ನಲ್ಲಿ ಕೊಡಿ ಅಂದ್ರೆ ನಗ್ತಾರೆ" ಎಂದು ಡಾಕ್ಟರಮ್ಮ ತಲೆ ಚಚ್ಚಿಕೊಂಡಿದ್ದರು. ಮಕ್ಕಳನ್ನು ಎಣಿಸಿದರೆ ದೃಷ್ಟಿಯಾಗುತ್ತದೆಂದು ಹೆಂಗಸರು ಬಾಯಿ ಬಿಡುತ್ತಿರಲಿಲ್ಲ. ಕೇರಿಯ ತುದಿಯಲ್ಲಿ ಎಮ್ಮೆ ಕಟ್ಟಿಕೊಂಡಿದ್ದ ಪುಟ್ಟಕ್ಕನಂತೂ ನನ್ನನ್ನು ಕಂಡರೆ ಸಾಕು, ಶುರು ಮಾಡುತ್ತಿದ್ದಳು.

"ಬಂದ್ಳಪ್ಪ ಲೆಕ್ಕದಮ್ಮ! ನಮ್ ಮಕ್ಳೇನು ಕುರಿಗಳಾ, ಎಣಿಸೋಕೆ? ನಿಂಗೆಷ್ಟು ಮಕ್ಳು ಅದು ಹೇಳು ಮೊದ್ಲು."

"ನನಗಿನ್ನೂ ಮದುವೆ ಆಗಿಲ್ಲ."

"ಹಂಗಾದ್ರೆ ಅದನ್ನ ಬರ್ಕೊ. ಅದೇ ದೊಡ್ಡ ರೋಗ!"

ನನ್ನ ಜೊತೆಗೆ ಬರುತ್ತಿದ್ದ ನರ್ಸ್ ಸರೋಜಾ ಕೂಡ ನಕ್ಕುಬಿಡುತ್ತಿದ್ದಳು. ಪುಟ್ಟಕ್ಕನ ಮನೆಯಲ್ಲಿ ಕೂಸಿಲ್ಲ ಎಂದು ಬರೆದೆವು. ಪಕ್ಕದ ಮನೆಯ ಗೌರಮ್ಮ ಬಾಗಿಲಿಗೆ ಅಡ್ಡ ನಿಂತು, "ನನ್ಗೆ ಮಕ್ಳಿಲ್ಲ" ಎಂದಷ್ಟೇ ಹೇಳಿದಳು. ಅಲ್ಲಿಯೂ ಇಲ್ಲ ಎಂದು ಬರೆದೆವು.

ಇದಾದ ವಾರಕ್ಕೆ ಆ ಮಂಗಳವಾರ ಬಂತು. ನಾನು, ಸರೋಜಾ ಕೇರಿಯ ಹೊರಗಿನ ಹುಣಸೆಮರದ ಕೆಳಗೆ ಬುತ್ತಿ ಬಿಚ್ಚಿದ್ದೆವು. ಆಗ ಒಂದು ಮಗು ಅಳುವುದು ಕೇಳಿತು. ಗಟ್ಟಿ ಗಂಟಲು. ಮೂರು ಸಲ ಏರಿಸಿ ಏರಿಸಿ ಅತ್ತು, ಉಸಿರು ಸಿಕ್ಕಿಕೊಂಡಂತೆ ಒಂದು ಬಿಕ್ಕು, ಮತ್ತೆ ಅದೇ. ಹಠಮಾರಿ ಮಕ್ಕಳು ಅಳುತ್ತವಲ್ಲ, ಹಾಗೆ.

"ಯಾರ ಮನೆ ಮಗು ಅದು? ನಮ್ಮ ಲೆಕ್ಕದಲ್ಲಿ ಈ ಕಡೆ ಕೂಸೇ ಇಲ್ಲವಲ್ಲ" ಎಂದೆ.

ಸರೋಜಾ ಕಿವಿಗೊಟ್ಟಳು. "ಯಾವ ಮಗೂರೀ? ಕಾಗೆ ಕೂಗೋದೂ ಕೇಳ್ತಿಲ್ಲ ನಂಗೆ."

ಅವಳಿಗೆ ಕಿವಿ ಮಂದವೇನೂ ಅಲ್ಲ. ನನಗಂತೂ ಅಳು ಕೇಳುತ್ತಲೇ ಇತ್ತು. ಲೆಕ್ಕ ತಪ್ಪಿತಲ್ಲ ಎಂಬ ಕಿರಿಕಿರಿಯಲ್ಲಿ, ಕೈ ತೊಳೆದು ಸದ್ದಿನ ಜಾಡು ಹಿಡಿದು ಹೊರಟೆ. ಭಯ, ಗಾಬರಿ ಏನೂ ಇರಲಿಲ್ಲ. ಮನೆಗಳ ಹಿಂದಿನ ಓಣಿ ಹಿಡಿದು ಹೋದಂತೆ ಅಳು ಜೋರಾಯಿತು. ಕೊನೆಗೆ ಗೌರಮ್ಮನ ಹಿತ್ತಲಿಗೆ ಬಂದೆ. ಅಲ್ಲಿದ್ದದ್ದು ಒಂದು ತಿಪ್ಪೆ. ಅದರ ಮೇಲೆ ಕೋಳಿಗಳು ಕೆದಕುತ್ತಿದ್ದವು. ಅಳು ನನ್ನ ಮುಂದೆಯೇ, ಎರಡು ಮಾರು ದೂರದಲ್ಲಿ, ಆ ಕೋಳಿಗಳ ನಡುವಿನಿಂದ ಬರುತ್ತಿತ್ತು. ಕೋಳಿಗಳು ಬೆದರಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟೆ. ಯಾರೋ ಕೈಯಿಂದ ಬಾಯಿ ಮುಚ್ಚಿದಂತೆ ಅಳು ನಿಂತುಹೋಯಿತು.

ಅಷ್ಟರಲ್ಲಿ ಹಿತ್ತಲ ಬಾಗಿಲು ತೆರೆಯಿತು. ಗೌರಮ್ಮ ಒಂದು ಕುಡಿಕೆ ಹಿಡಿದು ನಿಂತಿದ್ದಳು.

"ಅವತ್ತೇ ಹೇಳಿದ್ನಲ್ಲವ್ವ, ಇಲ್ಲಿ ಯಾವ ಮಗೂನೂ ಇಲ್ಲ ಅಂತ."

"ಮತ್ತೆ ಈಗ ಅತ್ತದ್ದು?"

ಅವಳ ಕೈಯಿಂದ ಕುಡಿಕೆ ಜಾರಿತು. "ಅಳ್ತಾ? ನೀವು ಕೇಳಿದ್ರಾ?" ಎನ್ನುತ್ತಲೇ ಒಳಗೆ ಓಡಿದಳು. ಆ ಮುಖದಲ್ಲಿ ಎದ್ದ ಆಸೆಯನ್ನು ನಾನು ಮರೆಯಲಾರೆ. ಹಿಂದೆಯೇ ನಾನೂ ಹೋದೆ.

ಒಳಗಿನ ಕತ್ತಲೆ ಮೂಲೆಯಲ್ಲಿ, ಹಳೆ ಸೀರೆಯ ಮೇಲೆ ಎರಡು ತಿಂಗಳ ಹೆಣ್ಣುಕೂಸು. ನೆತ್ತಿ ಕುಳಿಬಿದ್ದಿತ್ತು, ಕಣ್ಣು ಗುಳಿಗೆ ಇಳಿದಿತ್ತು. ತುಟಿ ಒಣಗಿ ಬಿರಿದಿತ್ತು. ಬಾಯಿ ಅಳುವಂತೆ ತೆರೆದಿತ್ತು, ಸದ್ದಿಲ್ಲ. ಮೂರು ದಿನದಿಂದ ವಾಂತಿಭೇದಿ.

"ಎಲ್ಲಿ ಅಳ್ತು?" ಎಂದಳು ಗೌರಮ್ಮ, ಮೆಲ್ಲಗೆ. "ನಿನ್ನೆಯಿಂದ ಇದಕ್ಕೆ ಉಸಿರೆತ್ತೋ ಶಕ್ತಿನೂ ಇಲ್ಲ."

ನಾನು ಕೂಗಿದ ಕೂಗಿಗೆ ಸರೋಜಾ ಓಡಿಬಂದಳು. ನಾಡಿ ಹಿಡಿದು ನೋಡಿ ಒಂದೇ ಮಾತು ಹೇಳಿದಳು: "ಸಂಜೆ ತನಕ ಇರಲ್ಲ. ಡಾಕ್ಟ್ರಮ್ಮನ್ನ ಕರ್ಕೊಂಡ್ಬನ್ನಿ." ನಾನು ರಸ್ತೆಯಾಚೆಗೆ ಓಡಿ ಅವರೊಡನೆ ಕಾರಿನಲ್ಲಿ ಬರುವಷ್ಟರಲ್ಲಿ, ಕಾಯಿಸಿ ಆರಿಸಿದ ನೀರಿಗೆ ಉಪ್ಪು, ಸಕ್ಕರೆ ಹಾಕಿ ಚಮಚದಲ್ಲಿ ಹನಿಸುವುದನ್ನು ಅವಳು ಗೌರಮ್ಮನಿಗೆ ತೋರಿಸಿಕೊಟ್ಟಿದ್ದಳು. ಸಕ್ಕರೆ ತಂದುಕೊಟ್ಟವಳು ಪುಟ್ಟಕ್ಕ.

ಲೆಕ್ಕ ತಪ್ಪಿದ್ದು ಹೇಗೆಂದು, ಕೂಸನ್ನು ಆಸ್ಪತ್ರೆಗೆ ಒಯ್ಯುವಾಗ ಕಾರಿನಲ್ಲಿ ಗೌರಮ್ಮನಿಂದಲೇ ತಿಳಿಯಿತು. ಗೌರಮ್ಮನಿಗೆ ಹುಟ್ಟಿದ ಮಕ್ಕಳು ಒಂದೊಂದಾಗಿ ತೀರಿಕೊಂಡಿದ್ದವು. ಹಾಗಾಗಿ ಇದು ಹುಟ್ಟಿದಾಗ ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸಿದ್ದರು. ಪುಟ್ಟಕ್ಕ ಒಂದು ಹಿಡಿ ತೌಡು ಕೊಟ್ಟು ಕೊಂಡುಕೊಂಡಿದ್ದಳು. ತಿಪ್ಪಮ್ಮ ಎಂದು ಹೆಸರಿಟ್ಟು, ಸಾಕಲೆಂದು ಹೆತ್ತವಳ ಕೈಗೇ ಕೊಟ್ಟಿದ್ದಳು. ಯಾರಿಗೂ ಬೇಡವಾದ ಕೂಸೆಂದು ಸಾವು ಇದನ್ನು ಬಿಟ್ಟುಹೋಗಲಿ ಎಂಬುದು ಅವರ ಆಸೆ. ಕೇಳಿದರೆ ಗೌರಮ್ಮ ತನ್ನದಲ್ಲ ಎನ್ನಬೇಕು, ಅದೊಂದು ವ್ರತದಂತೆ. ಪುಟ್ಟಕ್ಕನೋ, ಕೂಸು ತನ್ನ ಮನೆಯಲ್ಲಿಲ್ಲ ಎಂದಿದ್ದಳು. ಅದೂ ನಿಜ. ಸಾವಿನಿಂದ ಮರೆಸಿಟ್ಟ ಮಗುವನ್ನು ನಮ್ಮಿಂದಲೂ ಮರೆಸಿದ್ದರು. ಎರಡು ಮನೆಗಳ ನಡುವೆ, ನಮ್ಮ ಎರಡು "ಇಲ್ಲ"ಗಳ ನಡುವೆ, ಕೂಸು ಒಣಗುತ್ತಿತ್ತು.

ಆಸ್ಪತ್ರೆಯಲ್ಲಿ ಸಲೈನು ಕೊಟ್ಟರು. ಡಾಕ್ಟರಮ್ಮ ಮನೆಗೆ ಹೋಗಲಿಲ್ಲ. ಗೌರಮ್ಮನ ತಾಳ್ಮೆಯಂಥದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅತ್ತು ಕರೆಯಲಿಲ್ಲ, ಹರಕೆ ಕಟ್ಟಲಿಲ್ಲ. ಚಮಚ ಹನಿಸುವಳು, ಕೂಸು ಕಕ್ಕಿದರೆ ಒರೆಸುವಳು, ಮತ್ತೆ ಹನಿಸುವಳು. ಮರುದಿನ ಸಂಜೆ ಕೂಸು ಅತ್ತಿತು. ಬೆಕ್ಕಿನ ಮರಿಯಂಥ ಎಳೆ ದನಿ. ವಾರ್ಡಿನವರೆಲ್ಲ ನಕ್ಕರು. ನಾನು ಕೇಳಿದ್ದು ಈ ದನಿಯನ್ನಲ್ಲ.

ಗೌರಮ್ಮ ನನ್ನ ಮುಖ ನೋಡಿದಳು. "ಇದಲ್ಲ ಅಲ್ವಾ? ನೀವ್ ಕೇಳಿದ್ದು ಹೆಂಗಿತ್ತು?"

ಮೂರು ಸಲ ಏರಿದ್ದು, ಆಮೇಲೆ ಬಿಕ್ಕಿದ್ದು, ಎಲ್ಲ ಹೇಳಿದೆ. ಅವಳು ಚಮಚದ ಅಂಚನ್ನು ಕೂಸಿನ ತುಟಿಗೆ ಒರೆಸುತ್ತ, ಹೊಸಲಲ್ಲಿ ನಿಂತವರ ಗುರುತು ಹೇಳುವಂತೆ, "ಅದು ನಮ್ ದೊಡ್ಡದು" ಎಂದಳು. "ಶ್ಯಾನೆ ಹಠ ಅದರದ್ದು. ಹಂಗೇ ಬಿಕ್ಕೋದು." ಇನ್ನೊಂದು ಚಮಚ ಹನಿಸಿ ಕೇಳಿದಳು, "ಅದನ್ನೂ ಬರ್ಕೊತೀರಾ?"

ದೊಡ್ಡದು ಮೂರು ಬೇಸಗೆಗಳ ಹಿಂದೆ ಇದೇ ಕಾಯಿಲೆಯಲ್ಲಿ ಹೋಗಿತ್ತು. ಯಾರೂ ಅದನ್ನು ಬರೆದುಕೊಂಡಿರಲಿಲ್ಲ. ಅಂದು ಬರೆದುಕೊಂಡೆ. ಹೆಸರು, ಹುಟ್ಟಿದ ಮಾಸ, ಹೋದ ಮಾಸ. ಮಿಕ್ಕವನ್ನೂ ಅವಳೇ ಹೇಳಿದಳು. ಡಾಕ್ಟರಮ್ಮ ನನ್ನ ಮಾತನ್ನೆಲ್ಲ ಕೇಳಿ, "ನಿನ್ನ ಕಿವಿ ಕೇಳಿದ್ದನ್ನ ನಾನು ಸುಳ್ಳು ಅನ್ನಲ್ಲ. ಫಾರಂನಲ್ಲಿ ಮಾತ್ರ ಹಾಕ್ಬೇಡ" ಎಂದರು. ಮರುವಾರ ನಮ್ಮ ಪ್ರಶ್ನೆಯನ್ನೇ ಬದಲಿಸಿದರು. ಮಕ್ಕಳೆಷ್ಟು ಎಂದು ಕೇಳುವುದು ಬಿಟ್ಟು, ಕೊಂಡ ಕೂಸು, ಕೊಟ್ಟ ಕೂಸು, ತಿಪ್ಪೆಯ ಹೆಸರಿನವರು ಯಾರಿದ್ದಾರೆ ಎಂದು ಕೇಳತೊಡಗಿದೆವು. ಪುಟ್ಟಕ್ಕನೇ ಮುಂದೆ ನಿಂತು ಬಾಗಿಲುಗಳನ್ನು ತೆರೆಸಿದಳು. ಲೆಕ್ಕ ಸರಿಯಾಯಿತು, ಸರಿಯಾದ ಲೆಕ್ಕ ಓದಲು ಕಷ್ಟವಾಯಿತು. ಅದಾದ ಮೇಲೆ ಒಂದೂವರೆ ವರ್ಷಕ್ಕೆ ಆ ಕೇರಿಗೆ ನಲ್ಲಿ ಬಂತು.

ಆ ಅಳುವಿನ ಒಗಟು ಬಿಡಿಸಲು ನಾನು ಪ್ರಯತ್ನಪಡದೆ ಇರಲಿಲ್ಲ. ಅದೇ ಹೊತ್ತಿಗೆ ಹಲವು ಮಧ್ಯಾಹ್ನ ಹುಣಸೆಮರದ ಕೆಳಗೆ ಕೂತಿದ್ದೇನೆ. ಬೆಕ್ಕಿರಬಹುದೇ ಎಂದು ನೋಡಿದೆ. ಬಡಾವಣೆಯ ಮಗುವಿನ ದನಿ ಗಾಳಿಯಲ್ಲಿ ಬಂದಿರಬಹುದೇ ಎಂದರೆ, ಅಂದು ಗಾಳಿ ಎದುರು ದಿಕ್ಕಿಗಿತ್ತು. ಆ ದಿನದ ಪುಟದಲ್ಲಿ "ಅತ್ತ ಮಗು" ಎಂದು ಬರೆದು ಮುಂದಿನ ಅಂಕಣ ಖಾಲಿ ಬಿಟ್ಟಿದ್ದೇನೆ. ನನ್ನ ದಿನಚರಿಯಲ್ಲಿ ಖಾಲಿ ಇರುವುದು ಅದೊಂದೇ.

ತಿಪ್ಪಮ್ಮ ಈಗ ಸ್ಕೂಲಿಗೆ ಹೋಗುತ್ತಾಳೆ. ಹೋದ ತಿಂಗಳು ನೋಡಿದೆ. ನಲ್ಲಿಯ ಮುಂದೆ ಕೊಡಕ್ಕಾಗಿ ಜಗಳವಾಡುತ್ತಿದ್ದಳು, ಸೋತು ಅತ್ತಳು. ನಾನು ನಿಂತು ಕೇಳಿದೆ. ಮೂರು ಸಲ ಏರಲಿಲ್ಲ, ಬಿಕ್ಕಲಿಲ್ಲ. ಅಷ್ಟೊಂದು ಒಣಗಿದ ಕೂಸಿಗೆ ಒಂದು ಗಳಿಗೆಯಾದರೂ ಹಾಗೆ ಅಳಲು ಸಾಧ್ಯವೇ ಎಂದು ಬಲ್ಲ ವೈದ್ಯರಿದ್ದರೆ ಈ ಪತ್ರಿಕೆಯ ಮೂಲಕ ನನಗೆ ತಿಳಿಸಬೇಕು. ಆ ವರ್ಷಗಳಲ್ಲಿ ಯಡಿಯೂರಿನ ಹಿತ್ತಲುಗಳಲ್ಲಿ ಅಂಥದೇ ಅಳು ಕೇಳಿದವರಿದ್ದರೂ ದಯವಿಟ್ಟು ಬರೆಯಿರಿ. ದಿನ, ಹೊತ್ತು ನೆನಪಿದ್ದರೆ ಸೇರಿಸಿ. ಮಗುವಿನ ಹೆಸರು ಗೊತ್ತಿದ್ದರೆ ಅದನ್ನೂ.